ಗುಮಾಸ್ತನ ತೂಕ

ಫೆಬ್ರುವರಿ 3

ಪ್ರೀತಿಯ ತಮ್ಮ,

ಫೋನ್ ಇರುವಾಗ ಪತ್ರ ಯಾಕೆ ಅಂತ ನಿನಗೆ ಅನ್ನಿಸಬಹುದು. ನಮ್ಮದು ಎರಡು ಕೋಣೆಯ ಮನೆ. ಎಲ್ಲಿ ನಿಂತು ಮಾತಾಡಿದರೂ ಅಮ್ಮನಿಗೆ ಕೇಳಿಸುತ್ತದೆ. ಕಿವಿ ಮಂದವಾಗಿದೆ ಎಂದು ಅವಳೇ ಹೇಳಿಕೊಂಡು ಓಡಾಡುತ್ತಾಳೆ. ಆದರೆ ಅವಳ ವಿಷಯ ಎತ್ತಿದರೆ ಒಂದಕ್ಷರವೂ ತಪ್ಪಿಹೋಗುವುದಿಲ್ಲ.

ಲಾರಿ ತೂಗುವ ನಮ್ಮ ವೇಬ್ರಿಡ್ಜ್ ಮುಚ್ಚುತ್ತಿದ್ದಾರೆ. ಬೈಪಾಸ್ ರಸ್ತೆಯಲ್ಲಿ ಕಂಪ್ಯೂಟರಿನ ಹೊಸ ವೇಬ್ರಿಡ್ಜ್ ಕಟ್ಟಿ ಮುಗಿದಿದೆ. ಏಪ್ರಿಲ್ ಕೊನೆಗೆ ಇಲ್ಲಿ ಕೊನೆಯ ಲಾರಿ ತೂಗಿ, ಲಾರಿ ನಿಲ್ಲಿಸುವ ಕಬ್ಬಿಣದ ಹಾಸು ಕಿತ್ತು, ಹಿಂದಿನ ಕ್ವಾರ್ಟರ್ಸ್ ಕೆಡವುತ್ತಾರೆ. ನಾವು ಹುಟ್ಟಿ ಬೆಳೆದ ಮನೆ ಎಂದು ಅಳುತ್ತಾ ಕೂರುವವಳಲ್ಲ ನಾನು. ಗೋಡೆಯ ಬಿರುಕಿನಲ್ಲಿ ಕೈ ತೂರುತ್ತದೆ. ಅಪ್ಪ ಹೋದ ಮೇಲೆ ಅವರ ಕುರ್ಚಿಯಲ್ಲಿ ಕೂತು ಇಷ್ಟು ವರ್ಷ ಲಾರಿ ತೂಗಿದ್ದೇನೆ, ಇನ್ನು ಮುಂದೆ ಹೊಸ ಕುರ್ಚಿಯಲ್ಲಿ ಕೂತು ತೂಗುತ್ತೇನೆ. ಹೊಸ ಜಾಗದ ಹತ್ತಿರ ನನಗೊಂದು ರೂಮು ಸಿಕ್ಕಿದೆ, ಮೂರನೇ ಮಹಡಿ. ಅಮ್ಮನ ಮಂಡಿಗೆ ಅದು ಆಗುವುದಿಲ್ಲ. ನಾನು ಪಾಳಿಯ ಮೇಲೆ ಹೋದರೆ ನೋಡಿಕೊಳ್ಳುವವರೂ ಇಲ್ಲ. ಅವಳು ನಿನ್ನ ಹತ್ತಿರ ಬರುವುದೇ ಸರಿ ಎಂದು ನಾವಿಬ್ಬರೂ ಒಪ್ಪಿದ್ದೇವೆ.

ಒಪ್ಪದಿರುವವಳು ಅವಳೊಬ್ಬಳೇ. ಯಾಕೆ ಎಂದು ಕೇಳಿದರೆ "ನನಗೆ ಇಲ್ಲಿ ಕೆಲಸ ಇದೆ" ಅನ್ನುತ್ತಾಳೆ. ಯಾವ ಕೆಲಸ? ನಮ್ಮಿಬ್ಬರ ನಾಲ್ಕು ಬಟ್ಟೆ ಒಗೆಯುವುದು. ಅದೂ ಹಿತ್ತಲ ಗೋಡೆಯ ಬುಡದಲ್ಲಿರುವ ಆ ಕಲ್ಲಿನ ಮೇಲೆಯೇ ಆಗಬೇಕು. ನಲ್ಲಿ ಇರುವುದು ಈ ಕಡೆ, ಕಲ್ಲು ಇರುವುದು ಆ ಕಡೆ. ಬಕೆಟ್ ಹೊತ್ತು ಹೊತ್ತು ಮಂಡಿ ಹಾಳಾಗಿದ್ದೇ ಹಾಗೆ ಎಂದು ನನ್ನ ಅಂದಾಜು. ಕಲ್ಲನ್ನು ನಲ್ಲಿಯ ಪಕ್ಕ ತರಿಸಿಕೊಡುತ್ತೇನೆ ಎಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಂಡಿಲ್ಲ.

ನೀನೇ ಅವಳಿಗೆ ಎರಡು ಸಾಲು ಬರೆ. ನೀನು ಕರೆದರೆ ಬಂದರೂ ಬಂದಾಳು.

ಸಾಮಾನು ತೆಗೆಯುವಾಗ ಅಟ್ಟದಲ್ಲಿ ಗುಮಾಸ್ತನ ಅಲ್ಯುಮಿನಿಯಂ ಬಟ್ಟಲು ಸಿಕ್ಕಿತು. ಅಂಚಿನಲ್ಲಿ ಅವನ ಹಲ್ಲಿನ ಗುರುತು ಹಾಗೆಯೇ ಇದೆ. ನಿನಗೆ ಕಳಿಸಲಾ?

ನಿನ್ನ ಅಕ್ಕ


ಫೆಬ್ರುವರಿ 19

ಅಕ್ಕಾ,

ಬಟ್ಟಲು ಕಳಿಸಬೇಡ, ಒಡೆದುಹೋದೀತು. ಅಲ್ಯುಮಿನಿಯಂ ಒಡೆಯುವುದಿಲ್ಲ ಎಂದು ನೀನು ಹೇಳುತ್ತೀಯ. ಅಂಚೆಯವರ ಕೈಗೆ ಸಿಕ್ಕರೆ ಅದೂ ಒಡೆಯುತ್ತದೆ.

ನಿನ್ನ ಪತ್ರವನ್ನು ಒಂದು ಹಳೇ ಕಟ್ಟಡದ ಲಿಫ್ಟಿನ ಮೇಲೆ ಕೂತು ಓದಿದೆ. ರಿಪೇರಿ ಮಾಡುವವನಿಗೆ ಅಷ್ಟು ನಿಶ್ಶಬ್ದವಾದ ಜಾಗ ಬೇರೆ ಸಿಗುವುದಿಲ್ಲ. ಬಟ್ಟಲು ಎಂದು ಓದಿದ ಕೂಡಲೇ ಅವನ ವಾಸನೆ ಬಂತು. ಬಿಸಿಲಿಗೆ ಕಾದ ಕಬ್ಬಿಣ, ಡೀಸೆಲ್ಲು, ಒದ್ದೆ ನಾಯಿ. ಗುಜರಿ ಲಾರಿಯೊಳಗೆ ಮಲಗಿಕೊಂಡೇ ನಮ್ಮೂರಿಗೆ ಬಂದಿಳಿದ ಬೂದು ಬಣ್ಣದ ಮರಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ್ದು. ದಿನವಿಡೀ ಅಪ್ಪನ ಕಿಟಕಿಯ ಮುಂದೆ ಕೂತು, ಬಂದ ಲಾರಿಗಳನ್ನೆಲ್ಲ ನಂಬರು ಬರೆದುಕೊಳ್ಳುವವನ ಹಾಗೆ ನೋಡುತ್ತಿದ್ದ. ಡ್ರೈವರುಗಳೇ ಅಲ್ಲವೇ ಅವನಿಗೆ ಗುಮಾಸ್ತ ಎಂದು ಹೆಸರಿಟ್ಟಿದ್ದು?

ನಾನೂ ಅವನೂ ಹಾಸಿನ ಮೇಲೆ ಒಟ್ಟಿಗೆ ನಿಂತರೆ ಒಳಗಿನ ದೊಡ್ಡ ಡಯಲಿನ ಮುಳ್ಳು ಸ್ವಲ್ಪವೇ ಅಲ್ಲಾಡುತ್ತಿತ್ತು. ಅಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಇದ್ರಲ್ಲಿ ಗುಮಾಸ್ತರದೇ ಜಾಸ್ತಿ ಕಣೋ, ನೀನು ಇನ್ನೊಂಚೂರು ಊಟ ಮಾಡು" ಅನ್ನುತ್ತಿದ್ದರು. ಲಾರಿ ಬಂದಾಗ ಪೆನ್ಸಿಲಿನ ತುದಿಯಿಂದ ಗಾಜಿನ ಮೇಲೆ ಎರಡು ಸಲ ತಟ್ಟಿದರೆ ಸಾಕು, ಅವನು ಎದ್ದು ಮೈ ಕೊಡವಿ ಹಾಸಿನಿಂದ ಇಳಿಯುತ್ತಿದ್ದ. ನನಗೆ ಈಗಲೂ ಯಾರಾದರೂ ಗಾಜು ತಟ್ಟಿದರೆ ಎದ್ದು ನಿಲ್ಲಬೇಕು ಅನ್ನಿಸುತ್ತದೆ.

ಅಮ್ಮನ ವಿಷಯ. ನಾನು ಬರೆಯುವುದಿಲ್ಲ. ಹಿಂದೆ ಎರಡು ಸಲ ಕರೆದಿದ್ದೇನೆ, ಎರಡು ಸಲವೂ ಏನೋ ಒಂದು ನೆಪ ಹೇಳಿದಳು. ಅವಳ ಮಂಡಿಗೆ ಅಂತಲೇ ಮೆಟ್ಟಿಲಿಲ್ಲದ ಮನೆ ಹುಡುಕಿ ಬಾಡಿಗೆಗೆ ಹಿಡಿದಿದ್ದೇನೆ, ಮುಂದೆ ಗೇಟು, ಸ್ವಲ್ಪ ಅಂಗಳ. ಅವಳು ಯಾಕೆ ಬರುವುದಿಲ್ಲ ಎಂದು ನಿನಗೆ ಗೊತ್ತಿಲ್ಲದಿದ್ದರೆ ನನಗೆ ಗೊತ್ತು. ನನ್ನ ಮುಖ ನೋಡಿದಾಗಲೆಲ್ಲ ಅವಳಿಗೆ ತಾನು ಗುಮಾಸ್ತನಿಗೆ ಏನು ಮಾಡಿದೆ ಎನ್ನುವುದು ನೆನಪಾಗುತ್ತದೆ. ನಾನು ಮರೆತಿಲ್ಲ ಎನ್ನುವುದೂ ಅವಳಿಗೆ ಗೊತ್ತು.

ಬರದಿದ್ದರೆ ಅವಳಿಷ್ಟ.

ತಮ್ಮ


ಮಾರ್ಚ್ 1

ಪ್ರೀತಿಯ ತಮ್ಮ,

ನಿನ್ನ ಪತ್ರದ ಕೊನೆಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಅಮ್ಮ ಗುಮಾಸ್ತನಿಗೆ ಏನು ಮಾಡಿದಳು?

ನನಗೆ ಗೊತ್ತಿರುವುದು ಇಷ್ಟು. ಆ ಬೇಸಿಗೆ ನೀನು ಚಿಕ್ಕಮ್ಮನ ಮನೆಗೆ ಹೋಗಿದ್ದೆ, ನಾನು ಇಲ್ಲಿದ್ದೆ. ಒಂದು ದಿನ ಬೆಳಿಗ್ಗೆ ಎದ್ದಾಗ ಅವನಿರಲಿಲ್ಲ. ಉಪ್ಪಿನ ಲಾರಿಯ ಮೀಸೆ ಡ್ರೈವರ್ ಅವನನ್ನು ಕರೆದುಕೊಂಡು ಹೋದ, ಅವನ ಊರಿನಲ್ಲಿ ದೊಡ್ಡ ಅಂಗಳವಿದೆ, ವಯಸ್ಸಾದ ನಾಯಿಗೆ ಅಲ್ಲಿ ಆರಾಮ ಎಂದು ಅಪ್ಪ ಹೇಳಿದರು. ನಾನು ಅತ್ತೆ. ಆದರೆ ಆ ಡ್ರೈವರ್ ಬಂದಾಗಲೆಲ್ಲ ಗುಮಾಸ್ತನಿಗೆ ಬಿಸ್ಕತ್ತು ಹಾಕುತ್ತಿದ್ದವನು. ಹಾಗಾಗಿ ನಂಬಿದೆ. ನಿನ್ನ ಮುಂದೆ ಗುಮಾಸ್ತನ ಹೆಸರು ಎತ್ತಬೇಡ ಎಂದೂ ಅಪ್ಪ ಹೇಳಿದ್ದರು. ಒಂದು ಸಲ ಎತ್ತಿದೆ, ನೀನು ತಟ್ಟೆ ಬಿಟ್ಟು ಎದ್ದು ಹೋದೆ. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಅಮ್ಮ ಅವನನ್ನು ಬೈಯುತ್ತಿದ್ದಳು, ನಿಜ. "ದಂಡಪಿಂಡ, ಎದ್ದೇಳು ಆ ಕಡೆ" ಅನ್ನದೆ ಅವಳ ಬೆಳಗು ಶುರುವಾಗುತ್ತಿರಲಿಲ್ಲ. ಪೊರಕೆಯನ್ನೂ ಎತ್ತುತ್ತಿದ್ದಳು. ಆದರೆ ಒಂದು ನೆನಪು ಮಾಡಿಕೊ. ಅವಳು ಪೊರಕೆ ಎತ್ತಿದರೆ ಅವನು ಓಡುತ್ತಿದ್ದದ್ದು ಯಾವ ಕಡೆಗೆ? ಅವಳ ಕಡೆಗೇ. ಬಾಲ ಅಲ್ಲಾಡಿಸುತ್ತಾ ಅಡುಗೆಮನೆ ಬಾಗಿಲಿಗೇ ಓಡುತ್ತಿದ್ದ. ಹೊಡೆಸಿಕೊಂಡ ನಾಯಿ ಹಾಗೆ ಮಾಡುವುದಿಲ್ಲ.

ಅವನ ಕೊನೆಯ ದಿನಗಳು ನಿನಗೆ ನೆನಪಿವೆಯಾ? ಹಿಂಗಾಲು ಸೋತಿದ್ದವು. ಅಪ್ಪ ಪೆನ್ಸಿಲು ತಟ್ಟಿದರೆ ತಲೆ ಎತ್ತಿ ನೋಡುತ್ತಿದ್ದ, ಏಳಲು ಆಗುತ್ತಿರಲಿಲ್ಲ. ಹಾಸಿನ ಮೂಲೆಯಲ್ಲಿ, ಚಕ್ರ ಹಾಯದ ಜಾಗದಲ್ಲಿ ಮಲಗಿಬಿಡುತ್ತಿದ್ದ. ಡ್ರೈವರುಗಳು "ಇರಲಿ ಬಿಡಿ, ಗುಮಾಸ್ತರು ರಿಟೈರ್ ಆಗೋ ಟೈಮು" ಅನ್ನುತ್ತಿದ್ದರು. ಆದರೆ ಅಪ್ಪನ ಮನಸ್ಸು ಕೇಳಬೇಕಲ್ಲ? ನಾಯಿಯ ತೂಕವನ್ನು ಯಾರ ಸರಕಿಗೂ ಸೇರಿಸಬಾರದು ಎಂದು, ಬೆಳಿಗ್ಗೆ ಅವನು ಕಾಲೆಳೆದುಕೊಂಡು ಬಂದು ಮಲಗಿದ ಮೇಲೆಯೇ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರುತ್ತಿದ್ದರು. ಅಂದರೆ ನಮ್ಮ ವೇಬ್ರಿಡ್ಜಿನ ಸೊನ್ನೆಯಲ್ಲಿ ಒಂದು ನಾಯಿ ಇರುತ್ತಿತ್ತು. ಈಗ ಹಾಗೆ ಮಾಡಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ.

ನಿನಗೆ ಯಾರು ಏನು ಹೇಳಿದರು? ಸರಿಯಾಗಿ ಬರೆ.

ಅಕ್ಕ


ಮಾರ್ಚ್ 14

ಅಕ್ಕಾ,

ಸರಿಯಾಗಿಯೇ ಬರೆಯುತ್ತೇನೆ.

ಚಿಕ್ಕಮ್ಮ ನನ್ನನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದು ಗೇಟಿನಲ್ಲಿ ಬಿಟ್ಟರು. ನಾನು ಅವನಿಗೆಂದು ಜೇಬಿನಲ್ಲಿ ಒಂದು ಬನ್ನು ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅದರ ಮೇಲೆಯೇ ಕೂತಿದ್ದರಿಂದ ಚಪ್ಪಟೆಯಾಗಿತ್ತು. ಹಾಸಿನ ಮೇಲೆ ಅವನಿರಲಿಲ್ಲ. ಹಿತ್ತಲಿಗೆ ಓಡಿದೆ. ಬಟ್ಟಲನ್ನು ತೊಳೆದು ಗೋಡೆಯ ಮೇಲೆ ಬೋರಲು ಹಾಕಿದ್ದರು. ಅಮ್ಮ ಬಟ್ಟೆ ಒಗೆಯುತ್ತಿದ್ದಳು. ಗುಮಾಸ್ತ ಎಲ್ಲಿ ಅಂದೆ. ತಲೆ ಎತ್ತದೆ ಹೇಳಿದಳು, "ನಾನೇ ಓಡಿಸಿದೆ. ಗಲೀಜು ಮಾಡ್ತಿದ್ದ. ಎಲ್ಲಾದ್ರೂ ಬದುಕ್ಕೊಂಡಿರ್ತಾನೆ, ಬಿಡು."

ಇಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ನಡೆಯಲಾಗದ ನಾಯಿಯನ್ನು ಓಡಿಸಿದಳು. ನಾನು ಆ ರಜೆ ಮುಗಿಯುವ ತನಕ ರೈಲು ಹಳಿಯಿಂದ ಹಿಡಿದು ಮರದ ಡಿಪೋ ತನಕ ಹುಡುಕಿದೆ. ಲಾರಿಗಳನ್ನು ನಿಲ್ಲಿಸಿ ಕೇಳಿದೆ. ನಿನ್ನ ಮೀಸೆ ಡ್ರೈವರನ್ನೂ ಕೇಳಿದೆ ಅಕ್ಕಾ. ನಾನು ಬಾಯಿ ತೆರೆಯುವ ಮೊದಲೇ ಅವನೇ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಇಳಿದು, "ಎಲ್ಲಪ್ಪಾ ನಿಮ್ಮ ಗುಮಾಸ್ತರು, ರಜೆ ಹಾಕಿದ್ದಾರಾ?" ಅಂದ. ಆದ್ದರಿಂದ ಅಪ್ಪ ನಿನಗೆ ಹೇಳಿದ್ದು ಸುಳ್ಳು. ಅಮ್ಮನ ತಪ್ಪನ್ನು ಮುಚ್ಚಿಹಾಕಲು ಹೇಳಿರಬೇಕು.

ಆವತ್ತಿನಿಂದ ನಾನು ಅಮ್ಮನ ಕೈಯಿಂದ ಬಡಿಸಿಕೊಂಡಿಲ್ಲ. ನೀನು ಗಮನಿಸಿದ್ದೀಯೋ ಇಲ್ಲವೋ. ತಟ್ಟೆ ತೆಗೆದುಕೊಂಡು ಹೋಗಿ ನಾನೇ ಹಾಕಿಕೊಳ್ಳುತ್ತಿದ್ದೆ. ಮೊದಲು ಸಿಟ್ಟಿಗೆ, ಆಮೇಲೆ ರೂಢಿಗೆ. ಅಪ್ಪ ತೀರಿಕೊಂಡಾಗ ಬಂದಿದ್ದೆನಲ್ಲ, ಆಗಲೂ ಅವಳು ಸೌಟು ಹಿಡಿದು ನಿಂತಿದ್ದಳು, ನನ್ನ ಕೈ ತಾನಾಗಿಯೇ ಪಾತ್ರೆಗೆ ಹೋಯಿತು. ನಲವತ್ತು ದಾಟಿದ ಗಂಡಸು ನಾಯಿಯೊಂದರ ಕಾರಣಕ್ಕೆ ಹೀಗಿದ್ದಾನೆ ಎಂದು ನನ್ನ ಹೆಂಡತಿ ನಗುತ್ತಾಳೆ. ನಗಲಿ.

ಪೊರಕೆ ಕಂಡರೆ ಅವನು ಅವಳ ಕಡೆಗೇ ಓಡುತ್ತಿದ್ದ ಎಂದು ಬರೆದಿದ್ದೀಯ. ಹೌದು, ಓಡುತ್ತಿದ್ದ. ಅದು ನನಗೆ ಮರೆತೇಹೋಗಿತ್ತು. ಯಾಕೆ ನೆನಪಿಸಿದೆ?

ತಮ್ಮ


ಮಾರ್ಚ್ 22

ಪ್ರೀತಿಯ ತಮ್ಮ,

ನೀನು ಬರೆದದ್ದನ್ನೂ ನಾನು ಕೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದು ದಿನವಿಡೀ ಅದೇ ಕೆಲಸ ತಾನೆ, ತುಂಬಿದ ಲಾರಿಯ ತೂಕದ ಪಕ್ಕ ಖಾಲಿ ಲಾರಿಯದ್ದು ಇಟ್ಟು ಕಳೆಯುವುದು. ಕಳೆದಾಗ ಒಂದು ಬೆಳಗು ಉಳಿಯಿತು. ಅದನ್ನು ಹೇಳುತ್ತೇನೆ.

ಗುಮಾಸ್ತ ಕಾಣೆಯಾದ ಆ ಬೆಳಿಗ್ಗೆ ನಾನು ಅಪ್ಪನಿಗೆ ಚಹಾ ತೆಗೆದುಕೊಂಡು ಹೋದೆ. ಅವರು ಡಯಲಿನ ಮುಂದೆ ಕೂತಿದ್ದರು. ಹಾಸು ಖಾಲಿ. ಮುಳ್ಳು ಸೊನ್ನೆಗಿಂತ ಕೆಳಗೆ ನಿಂತಿತ್ತು. ನಾನು ಅದನ್ನು ಹಾಗೆ ನೋಡಿದ್ದು ಅದೇ ಮೊದಲು. "ಅಪ್ಪಾ, ಮೆಷಿನ್ ಕೆಟ್ಟಿದೆಯಾ?" ಅಂದೆ. "ಹೂಂ, ಕೆಟ್ಟಿದೆ" ಅಂದರು. ಹೊರಗೆ ಸಾಲಿನಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ತಿರುಪು ಅವರ ಕೈಯಳತೆಯಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

ಆಗ ಹಿಂದಿನ ಬಾಗಿಲಿನಿಂದ ಅಮ್ಮ ಬಂದಳು. ಆಫೀಸಿನೊಳಗೆ ಕಾಲಿಡದ ಅಮ್ಮ, ಆ ಯಂತ್ರ ಕಂಡರೆ ದೂರ ನಿಲ್ಲುವ ಅಮ್ಮ. ಅಪ್ಪನ ಭುಜದ ಮೇಲಿಂದ ಕೈ ಚಾಚಿ ತಾನೇ ತಿರುಪು ತಿರುಗಿಸಿ, ಮುಳ್ಳು ಸೊನ್ನೆಗೆ ಬರುವ ತನಕ ನೋಡುತ್ತಾ ನಿಂತಳು. "ಲಾರಿ ಕಾಯ್ತಿದೆ" ಅಂದಳು. ಅಷ್ಟೇ ಹೇಳಿ ಹೋದಳು. ತಿರುಪಿಗೆಲ್ಲ ಮಣ್ಣು ಮೆತ್ತಿತ್ತು. ಅಪ್ಪ ಅದನ್ನು ಬಟ್ಟೆಯಿಂದ ಒರೆಸಿದರು, ನಿಧಾನವಾಗಿ, ಒರೆಸಿದ್ದನ್ನೇ ಮತ್ತೆ ಒರೆಸಿದರು. ಬೆಳಿಗ್ಗೆ ಬೆಳಿಗ್ಗೆಯೇ ಅಮ್ಮನ ಕೈ ಯಾಕೆ ಮಣ್ಣಾಗಿದೆ ಎಂದು ನನಗೆ ಅನ್ನಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಮರೆತೆ.

ಈಗ ಇದೇ ಕುರ್ಚಿಯಲ್ಲಿ ಕೂತು ಯೋಚಿಸಿದರೆ ಎಲ್ಲ ನೇರವಾಗಿ ಕಾಣುತ್ತದೆ. ಹಿಂದಿನ ದಿನ ನಾಯಿಯನ್ನಿಟ್ಟು ಸೊನ್ನೆ ಮಾಡಿದ್ದರು, ಆ ಬೆಳಿಗ್ಗೆ ನಾಯಿ ಇರಲಿಲ್ಲ, ಆದ್ದರಿಂದ ಮುಳ್ಳು ಕೆಳಗೆ ಹೋಗಿತ್ತು. ಮೆಷಿನ್ ಕೆಟ್ಟಿರಲಿಲ್ಲ. ಡ್ರೈವರ್ ಜೊತೆ ನಗುನಗುತ್ತಾ ಕಳಿಸಿಕೊಟ್ಟ ನಾಯಿಗಾಗಿ ಅಪ್ಪ ಹಾಗೆ ಕೂರುವುದಿಲ್ಲ. ನಾಯಿಯನ್ನು ಓಡಿಸಿದವಳ ಕೈಗೆ ಮಣ್ಣು ಹತ್ತುವುದಿಲ್ಲ.

ಅಮ್ಮನನ್ನು ಇನ್ನೂ ಕೇಳಿಲ್ಲ. ಹೇಗೆ ಕೇಳಬೇಕೋ ತಿಳಿಯುತ್ತಿಲ್ಲ. ನೀನು ಸಿಟ್ಟಿನಲ್ಲಿ ಫೋನ್ ಮಾಡಬೇಡ.

ಅಕ್ಕ


ಏಪ್ರಿಲ್ 2

ಪ್ರೀತಿಯ ತಮ್ಮ,

ನಿನ್ನ ಉತ್ತರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ.

ಅಗೆಯುವ ಕಂಟ್ರಾಕ್ಟರನ ಮೇಸ್ತ್ರಿ ಬಂದು ಹಿತ್ತಲಿನಲ್ಲಿ ಸುಣ್ಣದ ಗೆರೆ ಎಳೆದ. ಗೆರೆ ಒಗೆಯುವ ಕಲ್ಲಿನ ಮೇಲೆಯೇ ಹಾದುಹೋಯಿತು. ಅಮ್ಮ ಬಕೆಟ್ ತಂದು ಪಕ್ಕದಲ್ಲಿಟ್ಟು ಕಲ್ಲಿನ ಮೇಲೆ ಕೂತಳು. ನಾಳೆ ಬನ್ನಿ ಅಂದಳು. ಅವನು ಮಾರನೆಯ ದಿನ ಬಂದ, ಅವಳು ಅಲ್ಲೇ ಕೂತಿದ್ದಳು, ನಾಳೆ ಬನ್ನಿ ಅಂದಳು. ಪಾಪ, ಒಳ್ಳೆಯವನು. ಆಫೀಸಿಗೆ ಬಂದು, "ಮೇಡಂ, ನಿಮ್ಮ ತಾಯಿ ನಾವು ಇನ್ನೂ ತೋಡದ ಗುಂಡಿಗೆ ಕಾವಲು ಕೂತಿದ್ದಾರೆ" ಎಂದು ದೂರು ಕೊಟ್ಟ.

ಕಿಟಕಿ ಮುಚ್ಚಿ ಹಿತ್ತಲಿಗೆ ಹೋಗಿ ಅವಳ ಪಕ್ಕ ಕೂತೆ. ಕಲ್ಲು ಇಬ್ಬರಿಗೆ ಸಾಲುವುದಿಲ್ಲ, ಅರ್ಧ ಗಾಳಿಯಲ್ಲೇ ಕೂತೆ. ಕೇಳಿದೆ.

"ಅಮ್ಮ, ಗುಮಾಸ್ತ ಇಲ್ಲೇ ಇದಾನಾ?"

ಅವಳು ಕೈಯಲ್ಲಿದ್ದ ಟವೆಲ್ಲನ್ನು ಹಿಂಡಿದಳು. "ಇನ್ನೆಲ್ಲಿರ್ತಾನೆ?" ಅಂದಳು.

ಆಮೇಲೆ ತಾನಾಗಿಯೇ ಹೇಳಿದಳು. ಆ ಬೆಳಿಗ್ಗೆ ಅಡುಗೆಮನೆ ಬಾಗಿಲು ತೆರೆದರೆ ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದನಂತೆ. ದಂಡಪಿಂಡ ಎದ್ದೇಳು ಎಂದು ಅಭ್ಯಾಸದಂತೆ ಬೈದಳಂತೆ. ಬಾಲ ಅಲ್ಲಾಡಲಿಲ್ಲ. ಅಪ್ಪನನ್ನು ಕರೆದಳು. ಅಪ್ಪ ಒಮ್ಮೆ ನೋಡಿ, ಲಾರಿ ಬರುತ್ತವೆ ಎಂದು ಹೇಳಿ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಮಲಗಿದ್ದೆ. ಅವಳೊಬ್ಬಳೇ ಅಗೆದು ಹೂತಳು. ಬೇರೆ ನಾಯಿಗಳು ಕೆದಕಬಾರದು ಎಂದು ಸಂಜೆ ಅವಳೂ ಅಪ್ಪನೂ ನಲ್ಲಿಯ ಪಕ್ಕದ ಕಲ್ಲನ್ನು ಉರುಳಿಸಿಕೊಂಡು ಬಂದು ಮೇಲೆ ಇಟ್ಟರು. ಅಲ್ಲಿಂದ ಇಲ್ಲಿಯ ತನಕ ಅವಳು ನೀರು ಹೊತ್ತಿದ್ದು ಅದಕ್ಕೆ.

ಹಾಗಾದರೆ ತಮ್ಮನಿಗೆ ಓಡಿಸಿದೆ ಎಂದು ಯಾಕೆ ಹೇಳಿದೆ ಅಂದೆ. ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

"ಸತ್ತೋಯ್ತು ಅಂದ್ರೆ ಅಳ್ತಿದ್ದ. ಓಡಿಸ್ದೆ ಅಂದ್ರೆ ನನ್ನ ಬೈತಾನೆ. ಬೈಯೋ ಮಗುಗೆ ಊಟ ಮಾಡಿಸ್ಬಹುದು, ಅಳೋ ಮಗುಗೆ ಆಗಲ್ಲ ಅನ್ಕೊಂಡೆ. ನಾಯಿ ಎಲ್ಲೋ ಒಂದು ಕಡೆ ಇದೆ ಅಂತಾದ್ರೂ ಇರುತ್ತಲ್ಲ."

ಹಿಂಡಿದ ಟವೆಲ್ಲನ್ನು ಬಕೆಟ್ಟಿಗೆ ಹಾಕುತ್ತಾ, "ಊಟಾನೂ ಮಾಡಿಸೋಕಾಗ್ಲಿಲ್ಲ" ಅಂದಳು.

ಅಪ್ಪನ ಉಪ್ಪಿನ ಲಾರಿಯ ಕಥೆ ಅವಳಿಗೆ ಗೊತ್ತೇ ಇರಲಿಲ್ಲ. ನನ್ನನ್ನು ಸಮಾಧಾನ ಮಾಡಲು ಅವರೊಂದು ಹೇಳಿದರು, ನಿನಗಾಗಿ ಇವಳೊಂದು ಹೇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ. ಲಾರಿಯ ಕಥೆ ಕೇಳಿ, "ನಿಮ್ಮಪ್ಪಂಗೆ ಸುಳ್ಳು ಹೇಳೋಕೂ ಒಂದು ಲಾರಿ ಬೇಕಾಗಿತ್ತು ನೋಡು" ಎಂದು ನಕ್ಕಳು.

ಆಮೇಲಾದರೂ ನಿನಗೆ ಹೇಳಬಹುದಿತ್ತಲ್ಲ ಅಂದೆ. ಮೊದಲು ನೀನು ಚಿಕ್ಕವನು ಎಂದು ಹೇಳಲಿಲ್ಲವಂತೆ. ಆಮೇಲೆ ನೀನು ಕೇಳಲಿಲ್ಲವಂತೆ. ನಿನ್ನ ಮನೆಗೆ ಬಂದರೆ ಒಂದಲ್ಲ ಒಂದು ದಿನ ಕೇಳುತ್ತೀಯ, ಆಗ ಏನು ಹೇಳುವುದು ಎಂದೇ ಎರಡು ಸಲ ನೆಪ ಹೇಳಿದ್ದು. ಈಗ ಈ ಕಲ್ಲನ್ನು ಬೇರೆಯವರು ಎತ್ತುವುದು ಅವಳಿಗೆ ಬೇಡ.

"ಅವನಿಗೆ ಬರೀಬೇಡ" ಅಂದಳು. "ಎಲ್ಲೋ ಇದಾನೆ ಅನ್ಕೊಂಡಿದಾನೆ, ಇರ್ಲಿ." ನಾಯಿಗಳು ಅಷ್ಟು ವರ್ಷ ಬದುಕುವುದಿಲ್ಲ ಅಮ್ಮ, ಅವನಿಗೆ ಆ ಲೆಕ್ಕ ಬರುತ್ತದೆ ಅಂದೆ. "ಬೇರೆ ಲೆಕ್ಕ ಎಲ್ಲ ಬರುತ್ತೆ ಅವನಿಗೆ. ಆ ನಾಯಿದು ಮಾತ್ರ ಹೇಳೋಕಾಗಲ್ಲ" ಅಂದಳು.

ಬೇಡ ಅಂದದ್ದನ್ನು ಬರೆದಿದ್ದೇನೆ.

ಅಕ್ಕ


ಏಪ್ರಿಲ್ 9

ಅಕ್ಕಾ,

ಕಲ್ಲನ್ನು ಯಾರೂ ಎತ್ತುವುದು ಬೇಡ. ಮೇಸ್ತ್ರಿಗೆ ಹೇಳು, ಈ ತಿಂಗಳ ಕೊನೆಯ ವಾರದ ತನಕ ಆ ಗೆರೆ ಬಿಟ್ಟು ಉಳಿದದ್ದು ಅಗೆಯಲಿ. ನಾನು ರಜೆ ಕೇಳಿದ್ದೇನೆ. ಆಸ್ಪತ್ರೆಯೊಂದರ ಎರಡು ಲಿಫ್ಟು ನನ್ನ ಕೈಯಲ್ಲಿವೆ, ಅವು ಓಡಲು ಶುರುವಾದ ದಿನವೇ ರೈಲು ಹತ್ತುತ್ತೇನೆ.

ನಿನ್ನ ಮಾರ್ಚ್ ತಿಂಗಳ ಪತ್ರಕ್ಕೆ ಉತ್ತರ ಬರೆದಿದ್ದೆ. ಕಳಿಸಲಿಲ್ಲ. ಅದರಲ್ಲಿ ನಿನ್ನ ಜೊತೆ ಜಗಳ ಆಡಿದ್ದೆ. ಹರಿದುಹಾಕಿದೆ.

ಅಮ್ಮನಿಗೆ ನಾನು ಬರುತ್ತೇನೆ ಎಂದು ಹೇಳಬೇಡ. ಬೇಡ, ಹೇಳು. ಇಲ್ಲದಿದ್ದರೆ ಅವಳೇ ಹಾರೆ ಹಿಡಿದುಕೊಂಡುಬಿಡುತ್ತಾಳೆ.

ಆ ಲೆಕ್ಕ ನನಗೆ ಬರುತ್ತಿತ್ತು. ಯಾವತ್ತೂ ಮಾಡಿ ನೋಡಿರಲಿಲ್ಲ, ಅಷ್ಟೇ.

ತಮ್ಮ


ಮೇ 4

ಪ್ರೀತಿಯ ತಮ್ಮ,

ನೀವಿಬ್ಬರೂ ತಲುಪಿದ್ದು ಫೋನಿನಲ್ಲಿ ತಿಳಿಯಿತು. ಅಮ್ಮ ನನ್ನ ಜೊತೆ ಹವಾಮಾನದ ಬಗ್ಗೆ ಮಾತಾಡಿದಳು. ನೀನು ಪಕ್ಕದಲ್ಲಿದ್ದೆ ಎಂದು ಅರ್ಥವಾಯಿತು. ನಾನೂ ನನ್ನ ಹೊಸ ರೂಮಿನಿಂದ ಹವಾಮಾನವನ್ನೇ ಹೇಳಿದೆ.

ನಿನ್ನೆ ಮೇಸ್ತ್ರಿಯ ಜನ ಹಿತ್ತಲು ಅಗೆದು ಮುಗಿಸಿದರು. ಗೋಡೆಯ ಬುಡದಲ್ಲಿ ಏನೂ ಇರಲಿಲ್ಲ. ಇದ್ದದ್ದನ್ನೆಲ್ಲ ನೀನು ಬಿಸ್ಕತ್ತಿನ ಡಬ್ಬದಲ್ಲಿ ತೆಗೆದುಕೊಂಡು ಹೋಗಿದ್ದೀಯ. ನೀನು ಕಲ್ಲನ್ನು ಹಾರೆಯಿಂದ ಮೀಟಿದಾಗ ಅಮ್ಮ "ನಿಧಾನ, ನಿಧಾನ" ಅನ್ನುತ್ತಿದ್ದಳಲ್ಲ, ಅದು ನಿನ್ನ ಸೊಂಟಕ್ಕೋ ಅವನಿಗೋ ಎಂದು ಆಮೇಲೆ ಕೇಳಬೇಕೆಂದಿದ್ದೆ, ಮರೆತೆ. ಅವನ ಕೊರಳ ಬೆಲ್ಟಿನ ಹಿತ್ತಾಳೆ ಬಕಲು ಸಿಕ್ಕಿದಾಗ ನೀನು ಅದನ್ನು ಅಂಗಿಗೆ ಉಜ್ಜಿ ಉಜ್ಜಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅಪ್ಪ ತಿರುಪು ಒರೆಸಿದ್ದೂ ಹಾಗೆಯೇ. ನೀನು ಮುಖ ತಿರುಗಿಸಿಕೊಂಡಿದ್ದೆ, ಅದಕ್ಕೆ ನಾವಿಬ್ಬರೂ ಗೋಡೆ ನೋಡಿದೆವು.

ನೀನು ನೋಡದ ಒಂದು ಸಂಗತಿ ಇದೆ. ಅದನ್ನು ಹೇಳಲೆಂದೇ ಈ ಪತ್ರ.

ನೀನು ಟ್ಯಾಕ್ಸಿಗೆ ಸಾಮಾನು ತುಂಬುತ್ತಿದ್ದೆ. ನಾನು ಆಫೀಸಿಗೆ ಬೀಗ ಹಾಕಲು ಹೋಗಿ, ಅಭ್ಯಾಸದಂತೆ ಕುರ್ಚಿಯಲ್ಲಿ ಕೂತೆ. ಕಿಟಕಿಯಿಂದ ನೋಡಿದರೆ ಅಮ್ಮ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಹಾಸಿನ ಕಡೆಗೆ ನಡೆದು ಬರುತ್ತಿದ್ದಳು. ಅವಳು ಅದರ ಮೇಲೆ ಕಾಲಿಟ್ಟದ್ದನ್ನು ನಾನು ಎಂದೂ ನೋಡಿಲ್ಲ. ನಮ್ಮನ್ನೆಲ್ಲ ಅಪ್ಪ ತೂಗುವಾಗಲೂ, ನಾನೇನು ಉಪ್ಪಿನ ಮೂಟೆಯಾ ಅನ್ನುತ್ತಿದ್ದಳು. ಈಗ ಬಂದು ಮೂಲೆಯಲ್ಲಿ, ಚಕ್ರ ಹಾಯದ ಜಾಗದಲ್ಲಿ ನಿಂತಳು. ಲಾರಿ ಬರುವ ರಸ್ತೆಯನ್ನು ಅವನ ಹಾಗೆಯೇ ನೋಡುತ್ತಾ ನಿಂತಿದ್ದಳು.

ಮುಳ್ಳು ಸ್ವಲ್ಪ ಮೇಲೆ ಹೋಗಿ ನಿಂತಿತು. ಎಷ್ಟು ಎಂದು ನಾನು ಓದಲಿಲ್ಲ. ಆ ಕುರ್ಚಿಯಲ್ಲಿ ಕೂತು ತೂಕ ಓದದೆ ಬಿಟ್ಟದ್ದು ಅದೊಂದೇ ಸಲ.

ನೀನು ಹಾರ್ನ್ ಹೊಡೆಸಿದೆ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದಳೋ. ಆಗ ನಾನು ಪೆನ್ಸಿಲು ತೆಗೆದುಕೊಂಡು ಗಾಜಿನ ಮೇಲೆ ಎರಡು ಸಲ ತಟ್ಟಿದೆ. ತಿರುಗಿ ನೋಡಿದಳು. ಬಾಯಿ ತುಂಬ ನಕ್ಕಳು. ಇಳಿದಳು.

ಮುಳ್ಳು ಸೊನ್ನೆಗೆ ಬಂದು ನಿಂತಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಆಮೇಲೆ ಬೀಗ ಹಾಕಿದೆ.

ಡಬ್ಬವನ್ನು ಏನು ಮಾಡಿದಿರಿ? ಅಮ್ಮ ಊಟ ಸರಿಯಾಗಿ ಮಾಡುತ್ತಾಳಾ?

ಅಕ್ಕ


ಮೇ 20

ಅಕ್ಕಾ,

ಡಬ್ಬವನ್ನು ಗೇಟಿನ ಪಕ್ಕದ ಅಂಗಳದಲ್ಲಿ ಹೂತೆವು. ನಾನು ಅಗೆದೆ. ಅಮ್ಮ ಕುರ್ಚಿ ಹಾಕಿಕೊಂಡು ಕೂತು, ಇನ್ನೂ ಆಳ, ಇನ್ನೂ ಆಳ ಎಂದು ಮೇಸ್ತ್ರಿಯಾದಳು. ಮೇಲೆ ಇಡಲು ಕಲ್ಲು ಬೇಕು ಅಂದಳು. ಪಕ್ಕದ ಮನೆ ಕಟ್ಟುವವರ ಹತ್ತಿರ ಕೇಳಿ ಒಂದು ಚಪ್ಪಡಿ ತಂದೆ. ಬಟ್ಟೆ ಒಗೆಯಲು ಮನೆಯಲ್ಲಿ ಮೆಷಿನ್ ಇದೆ ಎಂದು ಮೊದಲೇ ಹೇಳಿಟ್ಟಿದ್ದೇನೆ.

ನೀನು ಊಟದ ಬಗ್ಗೆ ಕೇಳಿದ್ದೀಯ. ಅಮ್ಮನಿಗೆ ಏನು ಹೇಳಬೇಕು ಎಂದು ನಾನು ರೈಲಿನಲ್ಲಿ ಊರಿಂದ ಊರಿಗೆ ಯೋಚಿಸುತ್ತಲೇ ಬಂದೆ. ಅವಳೂ ಅದನ್ನೇ ಮಾಡುತ್ತಿದ್ದಳು ಎಂದು ಕಾಣುತ್ತದೆ. ಮನೆಗೆ ಬಂದ ಮೊದಲ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಅಮ್ಮ ಪಾತ್ರೆಯನ್ನು ನನ್ನ ಕಡೆಗೆ ಸರಿಸಿ, ಸೌಟು ಅದರೊಳಗೇ ಬಿಟ್ಟು, ತನ್ನ ತಟ್ಟೆ ನೋಡುತ್ತಾ ಕೂತಳು. ಅಷ್ಟು ವರ್ಷದ ರೂಢಿ ನನಗೊಬ್ಬನಿಗೇ ಅಲ್ಲ, ಅವಳಿಗೂ ಆಗಿತ್ತು.

"ಅಮ್ಮ, ನೀನೇ ಬಡಿಸು" ಎಂದು ತಟ್ಟೆ ಹಿಡಿದೆ.

ಬಡಿಸಿದಳು. ಸಾಕು ಅಂದರೂ ನಿಲ್ಲಿಸಲಿಲ್ಲ. ಆವತ್ತು ನಾನು ತಿಂದದ್ದನ್ನು ನಿನ್ನ ಹಾಸಿನ ಮೇಲೆ ತೂಗಬೇಕಿತ್ತು.

ಇನ್ನೊಂದು ಸುದ್ದಿ. ಇಲ್ಲಿ ಬೀದಿಯಲ್ಲಿ ಒಂದು ಮುದಿ ನಾಯಿ ಇದೆ, ಕಂದು ಬಣ್ಣದ್ದು, ಬಾಲ ಅರ್ಧವೇ ಇದೆ. ನಾಲ್ಕು ದಿನದಿಂದ ನಮ್ಮ ಗೇಟಿಗೆ ಅಡ್ಡಲಾಗಿ, ಆ ಚಪ್ಪಡಿಯ ಪಕ್ಕ ಮಲಗಲು ಶುರುಮಾಡಿದೆ. ಬೆಳಿಗ್ಗೆ ಅಮ್ಮ ಬಾಗಿಲು ತೆರೆದು "ದಂಡಪಿಂಡ, ಎದ್ದೇಳು ಆ ಕಡೆ" ಅನ್ನುವುದು ನನಗೆ ಹಾಸಿಗೆಯಲ್ಲೇ ಕೇಳಿಸುತ್ತದೆ. ಮೊದಲ ದಿನ ನಾನು ಕಿಟಕಿಯಿಂದ ಇಣುಕಿ ನೋಡಿದೆ. ಒಂದು ಕೈ ಪೊರಕೆ ಎತ್ತಿತ್ತು. ಇನ್ನೊಂದು ಕೈ ಸ್ವೆಟರ್ ಜೇಬಿನಿಂದ ಬನ್ನಿನ ಚೂರು ತೆಗೆದು ಕೆಳಗೆ ಬಿಡುತ್ತಿತ್ತು. ಚಿಕ್ಕವನಿದ್ದಾಗ ನಾನು ಪೊರಕೆಯ ಕೈಯನ್ನೊಂದೇ ನೋಡಿದ್ದೆ ಅಕ್ಕಾ.

ತೊಂದರೆ ಏನೆಂದರೆ ಗೇಟಿಗೆ ಅಡ್ಡಲಾಗಿ ಮಲಗಿದ ನಾಯಿಯನ್ನು ದಾಟಿ ಸ್ಕೂಟರ್ ಹೊರಗೆ ತೆಗೆಯಲು ಆಗುವುದಿಲ್ಲ. ಮೊನ್ನೆ ಹಾರ್ನ್ ಒತ್ತಿದೆ. ಅಮ್ಮ ಒಳಗಿನಿಂದಲೇ, "ಅದಕ್ಕೆ ಕಾಲು ನೋವು, ಕಾಯೋಕೆ ನಿನಗೇನು ರೋಗ?" ಅಂದಳು. ತಡವಾಗಿ ಹೋದರೆ ಮೇಲಿನವರಿಗೆ ಏನು ಹೇಳಲಿ ಅಂದೆ. "ಗುಮಾಸ್ತರು ಎದ್ದಿರಲಿಲ್ಲ ಅನ್ನು" ಅಂದಳು.

ಇವತ್ತೂ ಅದೇ ಕಥೆ. ಈ ಪತ್ರದ ಕೊನೆಯ ಸಾಲುಗಳನ್ನು ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದ್ದರೆ ಅದಕ್ಕೆ. ನಾಯಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ.

ಕಾಯುತ್ತಿದ್ದೇನೆ.

ತಮ್ಮ